ಹಳೆ ಕಾರಿಗೆ ದೊಡ್ಡ ಗಾಲಿ: ಮೊದಲು ಟೈರಿನ ಮೇಲಿನ ಅಂಕಿ ಓದಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ಮುಧೋಳದಲ್ಲಿ 19 ವರ್ಷದಿಂದ ನನ್ನದೊಂದು ಟೈರಿನ ಅಂಗಡಿ ಇದೆ. ಪಂಕ್ಚರ್, ವ್ಹೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎಲ್ಲ ಮಾಡುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟೈರುಗಳ ಕೆಲಸವೇ ಮುಗಿಯುವುದಿಲ್ಲ, ಪತ್ರ ಬರೆಯಲು ಪುರುಸೊತ್ತು ಎಲ್ಲಿ? ಆದರೂ ಇವತ್ತು ಬೇಗ ಬಾಗಿಲು ಹಾಕಿ ಕೂತಿದ್ದೇನೆ. ಹಳೆ ಕಾರಿಗೆ ಹಾಕಿಸಿದ ದೊಡ್ಡ ಗಾಲಿ ಕೈಕೊಟ್ಟು ಹೋದ ತಿಂಗಳು ನಮ್ಮ ಮನೆಯ ನಾಲ್ಕು ಜನ ನಡುರಾತ್ರಿ ರಸ್ತೆಯಲ್ಲಿ ನಿಲ್ಲಬೇಕಾಯಿತು. ಅಂಥದ್ದೇ ಗಾಲಿ ಹಾಕಿದ ಹಳೆ ಕಾರುಗಳು ನಮ್ಮ ಜಿಲ್ಲೆಯಲ್ಲಿ ದಿನಾ ಕಣ್ಣಿಗೆ ಬೀಳುತ್ತಿವೆ.

ನಮ್ಮ ಅಣ್ಣನದು 2010ರ ಸ್ವಿಫ್ಟ್. ಕಂಪನಿಯಿಂದ ಬಂದದ್ದು 14 ಇಂಚಿನ ಕಬ್ಬಿಣದ ಡಿಸ್ಕ್, 165/80 ಆರ್14 ಟೈರು. ಅಣ್ಣನ ಮಗ ಹೊರಗಿನ ಊರಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿನ ಒಂದು ಅಂಗಡಿಯಲ್ಲಿ 75,000 ರೂಪಾಯಿ ಕೊಟ್ಟು 17 ಇಂಚಿನ ಅಲಾಯ್ (ಅಲ್ಯುಮಿನಿಯಂ ಮಿಶ್ರಲೋಹದ ಗಾಲಿ), 205/45 ಆರ್17 ಟೈರು ಹಾಕಿಸಿದ. ಹಳೆಯ ನಾಲ್ಕು ಗಾಲಿ ಅಲ್ಲೇ 6,000ಕ್ಕೆ ಕೊಟ್ಟುಬಂದ. ದೀಪಾವಳಿಗೆ ಊರಿಗೆ ಬಂದವನು ಸೀದಾ ನನ್ನ ಅಂಗಡಿ ಮುಂದೆ ತಂದು ನಿಲ್ಲಿಸಿ, "ಕಾಕಾ, ಹ್ಯಾಂಗ ಕಾಣತೈತಿ ನೋಡ್ರಿ" ಅಂದ. ಚೆಂದ ಕಾಣುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆವತ್ತೇ ನಾನು ಬಿಚ್ಚಿ ನೋಡಬೇಕಿತ್ತು. ಹಬ್ಬದ ದಿನ ಹುಡುಗನ ಮುಖ ಬಾಡಿಸುವುದು ಬೇಡ ಅಂತ ಸುಮ್ಮನಾದೆ. ಅದು ನನ್ನ ತಪ್ಪು.

ಹೋದ ತಿಂಗಳು ಬಾಗಲಕೋಟೆಯ ನವನಗರದಲ್ಲಿ ಬೀಗರ ಮನೆಯ ಕಾರ್ಯ ಮುಗಿಸಿಕೊಂಡು ಅಣ್ಣ, ವೈನಿ, ಅವರ ಮಗಳು ಮತ್ತು ಈ ಹುಡುಗ ರಾತ್ರಿ ಹೊರಟರು. ಕಲಾದಗಿ ದಾಟಿ ಲೋಕಾಪುರ ಇನ್ನೂ ಬಂದಿರಲಿಲ್ಲ. ಎದುರಿಗೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಬಂತು. ಅದರ ಲೈಟಿಗೆ ಕಣ್ಣು ಕುಕ್ಕಿತು. ಹುಡುಗ ಎಡಕ್ಕೆ ತಿರುಗಿಸಿದ. ಮೋರಿಯ ಅಂಚಿಗಿದ್ದ ತಗ್ಗಿಗೆ ಮುಂದಿನ ಎಡಗಾಲಿ ಇಳಿದು ಎದ್ದಿತು. ಒಂದೇ ಸಪ್ಪಳ, ಹವಾ ಪೂರ್ತಿ ಹೋಯಿತು. ವೇಗ 50ರ ಮೇಲಿರಲಿಲ್ಲ ಅನ್ನುತ್ತಾನೆ, ನಾನು ನಂಬುತ್ತೇನೆ. ಅಂಥ ತಗ್ಗಿನಲ್ಲಿ ಈ ಕಾರು ಹದಿನಾಲ್ಕು ವರ್ಷ ಇಳಿದು ಎದ್ದು ಮನೆಗೆ ಬಂದಿದೆ.

ಸ್ಟೆಪ್ನಿ ಇತ್ತು, ಜಾಕ್ ಇತ್ತು. ಗಾಲಿ ಮಾತ್ರ ಬಿಚ್ಚಲು ಬರಲಿಲ್ಲ. ಅಲಾಯ್ ಕಳುವಾಗದಿರಲಿ ಅಂತ ಹಾಕಿದ್ದ ನಟ್ಟುಗಳಿಗೆ ಬೇರೆಯದೇ ಚಾವಿ ಬೇಕು. ಕಾರಿನ ಪಾನಾ ಅದಕ್ಕೆ ಕೂಡುವುದೇ ಇಲ್ಲ. ಚಾವಿ ಹುಡುಗನ ರೂಮಿನಲ್ಲಿ ಉಳಿದಿತ್ತು. ಫೋನ್ ಬಂದ ಮೇಲೆ ನಾನು ಸಾಮಾನು ತೆಗೆದುಕೊಂಡು ಹೋದೆ. ನಟ್ಟಿಗಿಂತ ತುಸು ಸಣ್ಣ ಬಾಕ್ಸ್ ಪಾನಾ ಇಟ್ಟು, ಸುತ್ತಿಗೆಯಿಂದ ಬಡಿದು ಕೂಡಿಸಿ, ನಾಲ್ಕೂ ನಟ್ಟು ಒಂದೊಂದಾಗಿ ತಿರುವಿದೆ. ವೈನಿ ರಸ್ತೆ ಬದಿಗೆ ಮೊಬೈಲ್ ಬೆಳಕು ಹಿಡಿದು ನಿಂತಿದ್ದರು. ಪಕ್ಕದಲ್ಲೇ ಕಬ್ಬಿನ ಗಾಡಿಗಳು ಒಂದರ ಹಿಂದೆ ಒಂದು ಹಾಯುತ್ತಿದ್ದವು. ಆ ಹೊತ್ತು ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಮರುದಿನ ಮಷಿನ್ ಮೇಲೆ ಹಾಕಿ ಟೈರು ಬಿಚ್ಚಿದೆ. ರಿಮ್ಮಿನ ಒಳ ಅಂಚು ಹೆಬ್ಬೆರಳು ಹಿಡಿಯುವಷ್ಟು ಒಳಗೆ ಹೋಗಿತ್ತು, ಅಲ್ಲಿಂದ ಕೂದಲೆಳೆಯಂಥ ಬಿರುಕು. ಟೈರಿನ ಪಕ್ಕದಲ್ಲಿ ಎರಡು ಬೆರಳುದ್ದದ ಸೀಳು, ಒಳಗಿನ ನೂಲೆಲ್ಲ ಕಡಿದು ಹೊರಗೆ ಬಂದಿತ್ತು. ರಿಮ್ಮಿಗೂ ಮೋರಿಯ ಅಂಚಿಗೂ ನಡುವೆ ರಬ್ಬರು, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ. ಕಬ್ಬಿಣದ ಡಿಸ್ಕ್ ಆಗಿದ್ದರೆ ಬಡಿದು ನೆಟ್ಟಗೆ ಮಾಡಿ ಕೊಡುತ್ತಿದ್ದೆ. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಕೊಡು ಅಂತ ಬರುವವರಿದ್ದಾರೆ. ನಾನು ಮಾಡುವುದಿಲ್ಲ.

ಇದು ಯಾಕಾಯಿತು ಅಂದರೆ, ಟೈರಿನ ಮೇಲೆ ಬರೆದ ಅಂಕಿಯಲ್ಲೇ ಉತ್ತರ ಇದೆ. 165/80 ಅಂದರೆ ಅಗಲ 165 ಮಿ.ಮೀ., ಪಕ್ಕದ ಎತ್ತರ (ರಿಮ್ಮಿನಿಂದ ರಸ್ತೆಯ ತನಕದ ರಬ್ಬರು) ಅದರ 80 ಪರ್ಸೆಂಟ್, ಅಂದರೆ 132 ಮಿ.ಮೀ. 205/45ಕ್ಕೆ ಲೆಕ್ಕ ಹಾಕಿ, 92 ಮಿ.ಮೀ. ಬರುತ್ತದೆ. ಪೂರ್ತಿ ಗಾಲಿಯ ಎತ್ತರ ನೋಡಿದರೆ ಎರಡೂ ಸರಿಸುಮಾರು ಒಂದೇ, 620 ಮತ್ತು 616. ಅದಕ್ಕೇ ಅಂಗಡಿಯವರು "ಏನೂ ಫರಕ್ ಆಗೋದಿಲ್ಲ" ಅನ್ನುತ್ತಾರೆ. ಸ್ಪೀಡೋಮೀಟರಿಗೆ ಆಗುವುದಿಲ್ಲ, ನಿಜ. ಆದರೆ ತಗ್ಗಿಗೂ ರಿಮ್ಮಿಗೂ ನಡುವೆ ಇದ್ದ ರಬ್ಬರಿನಲ್ಲಿ 40 ಮಿ.ಮೀ. ಹೋಯಿತು. ಆ ರಬ್ಬರು, ಅದರೊಳಗಿನ ಹವಾ, ಇವೇ ನಮ್ಮ ರಸ್ತೆಯಲ್ಲಿ ಗಾಡಿಯನ್ನು ಕಾಯುವುದು. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಕುಸಿಯುತ್ತದೆ. ಅದರ ಮೇಲೆ ಹಂಗಾಮು ಪೂರ್ತಿ ಕಬ್ಬಿನ ಲೋಡು. ರಸ್ತೆ ಎಷ್ಟು ಸಲ ಮಾಡಿದರೂ ಅಂಚಿಗೆ ತಗ್ಗು ಬಿದ್ದೇ ಬೀಳುತ್ತದೆ.

ಇನ್ನೊಂದು ವಿಷಯ ಹುಡುಗ ಆಮೇಲೆ ಬಾಯಿಬಿಟ್ಟ. ಹೊಸ ಟೈರು ಹಾಕಿದ ಮೇಲೆ ಗಾಡಿ ಜಾಸ್ತಿ ಕುಣಿಯುತ್ತದೆ ಅಂತ ಹವಾ ಕಡಿಮೆ ಮಾಡಿಸಿದ್ದನಂತೆ. ಇದನ್ನು ಬಹಳ ಜನ ಮಾಡುತ್ತಾರೆ. ಪಕ್ಕ ಗಿಡ್ಡ ಇರುವ ಟೈರಿಗೆ ಹವಾ ಕಡಿಮೆ ಆದರೆ ರಿಮ್ಮು ರಸ್ತೆಗೆ ಇನ್ನೂ ಹತ್ತಿರ ಆಯಿತು, ಅಷ್ಟೇ.

ಗಾಲಿ ದೊಡ್ಡದಾದರೆ ಭಾರ ಜಾಸ್ತಿ ತಡೆಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಳೆ ಟೈರಿನ ಲೋಡ್ ಅಂಕಿ 85, ಅಂದರೆ ಒಂದು ಟೈರಿಗೆ 515 ಕೆ.ಜಿ. ಹುಡುಗನಿಗೆ ಕೊಟ್ಟ ಟೈರಿನದು 84, ಅಂದರೆ 500 ಕೆ.ಜಿ. ಅದೇ ಅಳತೆಯಲ್ಲಿ 88 ಇರುವ ಗಟ್ಟಿ ಟೈರು ಸಿಗುತ್ತದೆ, ಅದು 560 ಕೆ.ಜಿ. ತಡೆಯುತ್ತದೆ. ಅಂಗಡಿಯವರು ಅದರ ಸುದ್ದಿಯನ್ನೇ ಎತ್ತಲಿಲ್ಲ. ಅಲಾಯ್ ಹಗುರ ಅನ್ನುವ ಮಾತೂ ಹಾಗೇ. ಮನೆಯ ಸ್ಟೆಪ್ನಿಯನ್ನೂ ಈ ಗಾಲಿಯನ್ನೂ ತಕ್ಕಡಿಗೆ ಇಟ್ಟು ನೋಡಿದೆ. ಹಳೆಯದು 14 ಕೆ.ಜಿ. ಚಿಲ್ಲರೆ, ಹೊಸದು 19ರ ಹತ್ತಿರ. ಹದಿನಾಲ್ಕು ವರ್ಷ ಸವೆದ ಬುಶ್, ಶಾಕಪ್, ಬೇರಿಂಗ್ ಮೇಲೆ ಈ ಭಾರ ಹೇರಿದರೆ ಅವು ಎಷ್ಟು ದಿನ ತಡೆದಾವು? ಬಲಗಡೆ ಗಾಲಿಯನ್ನು ಕೆಳಗಿಂದ ಹಿಡಿಯುವ ಲೋವರ್ ಆರ್ಮಿನ ರಬ್ಬರು ಬುಶ್ ಆಗಲೇ ಹರಿದಿತ್ತು.

ಗಾಲಿಯ ನಡುವಿನ ತೂತು ನೋಡಿದಾಗ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ಸ್ವಿಫ್ಟಿನಲ್ಲಿ ಗಾಲಿಯ ತೂತು ಕೂಡುವ ನಡುವಿನ ಗುಂಬ, ಅಂದರೆ ಹಬ್, 54 ಮಿ.ಮೀ. ಈ ಅಲಾಯ್‌ನ ತೂತು 73. ಎಲ್ಲ ಕಾರಿಗೂ ಕೂಡಲಿ ಅಂತ ದೊಡ್ಡದು ಮಾಡಿರುತ್ತಾರೆ, ಅದು ತಪ್ಪಲ್ಲ. ನಡುವಿನ ಸಂದಿಗೆ ಒಂದು ಉಂಗುರ ಹಾಕಬೇಕು, ಗಾಲಿ ಸರಿಯಾಗಿ ನಡುವಿಗೆ ಕೂಡುತ್ತದೆ. ಸಣ್ಣ ಸಾಮಾನು, ಬೆಲೆಯೂ ಬಹಳ ಇಲ್ಲ. ನಾಲ್ಕರಲ್ಲಿ ಒಂದಕ್ಕೂ ಹಾಕಿರಲಿಲ್ಲ. 80 ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು ಅಂತ ಹುಡುಗ ಹೇಳಿದ್ದು ಇದಕ್ಕೇ. 75,000 ತೆಗೆದುಕೊಂಡವರು ಇಷ್ಟು ಮಾಡಬಾರದಿತ್ತೇ?

ದೊಡ್ಡ ಗಾಲಿ ಹಾಕಲೇಬೇಡಿ ಅಂತ ನಾನು ಹೇಳುವುದಿಲ್ಲ. ಹುಡುಗರಿಗೆ ಆಸೆ ಇರುತ್ತದೆ, ಇರಬೇಕು ಕೂಡ. ಇದೇ ಕಾರಿಗೆ 15 ಇಂಚಿನ ಗಾಲಿ, 185/65 ಆರ್15 ಟೈರು ಹಾಕಬಹುದಿತ್ತು. ಮುಂದೆ ಬಂದ ಸ್ವಿಫ್ಟಿನ ಮೇಲಿನ ಮಾಡೆಲ್‌ಗೆ ಕಂಪನಿಯೇ ಕೊಟ್ಟ ಅಳತೆ ಅದು. ಪಕ್ಕ 120 ಮಿ.ಮೀ. ಉಳಿಯುತ್ತದೆ, ಲೋಡ್ ಅಂಕಿ 88, ನೋಟವೂ ಚೆಂದ. ಕಾನೂನು ಕೂಡ ನೆನಪಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟದ್ದಕ್ಕಿಂತ ಗಾಡಿಯನ್ನು ಬೇರೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು.

ನನ್ನ ಹಾಗೆ ಟೈರಿನ ಅಂಗಡಿ ಇಟ್ಟವರಲ್ಲಿ ಒಂದು ವಿನಂತಿ. ಗಿರಾಕಿ ಗೋಡೆಗೆ ನೇತುಹಾಕಿದ ಅಲಾಯ್ ನೋಡುವಾಗ, ಅವನ ಹಳೆ ಟೈರಿನ ಅಂಕಿ ಮತ್ತು ಹೊಸ ಟೈರಿನ ಅಂಕಿ ಎರಡನ್ನೂ ಬಾಯಿಬಿಟ್ಟು ಓದಿ ಹೇಳಿ. ಪಕ್ಕ ಎಷ್ಟು ಕಡಿಮೆ ಆಗುತ್ತದೆ, ಲೋಡ್ ಎಷ್ಟು ತಡೆಯುತ್ತದೆ ಅಂತ ಬಿಲ್ಲಿನ ಮೇಲೆ ಬರೆದುಕೊಡಿ. ನಟ್ಟಿನ ಚಾವಿಯನ್ನು ಜಾಕಿನ ಜೊತೆಗೇ ಕಟ್ಟಿ ಡಿಕ್ಕಿಯಲ್ಲಿಡಿ. ನೂರು ಕಿಲೋಮೀಟರ್ ಓಡಿಸಿ ವಾಪಸ್ ಬಾ, ನಟ್ಟು ಮತ್ತೆ ಬಿಗಿ ಮಾಡುತ್ತೇನೆ ಅಂತ ಹೇಳಿ ಕಳಿಸಿ. ಇಷ್ಟಕ್ಕೆ ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು.

ಅಣ್ಣನ ಕಾರಿಗೆ ಗುಜರಿಯಿಂದ 14 ಇಂಚಿನ ನಾಲ್ಕು ಡಿಸ್ಕ್ ಹುಡುಕಿ ತಂದು, ಬಣ್ಣ ಹೊಡೆಸಿ, ಹಳೆ ಅಳತೆಯ ಹೊಸ ಟೈರು ಹಾಕಿಕೊಟ್ಟಿದ್ದೇನೆ. ಬಿರುಕು ಬಿಟ್ಟ ಅಲಾಯ್ ನನ್ನ ಅಂಗಡಿಯ ಬಾಗಿಲ ಪಕ್ಕದಲ್ಲೇ ಇದೆ. ಗಾಲಿ ಬದಲಿಸಬೇಕು ಅಂತ ಬರುವ ಹುಡುಗರಿಗೆ ಮೊದಲು ಅದರ ಅಂಚು ಮುಟ್ಟಿ ನೋಡಲು ಹೇಳುತ್ತೇನೆ.

ಟೈರಿನ ಅಂಗಡಿಯವ,
ಮುಧೋಳ, ಬಾಗಲಕೋಟೆ ಜಿಲ್ಲೆ