ಕಾಣದ ಮೀನು: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ಫೋನಿನಲ್ಲಿ ನಾನು ‘ಸುಮ್ಮನೆ ಅನ್ನ-ಸಾರು ಮಾಡು, ಜಪಾನಿ ಅಡುಗೆಯ ಗೊಡವೆಯೇ ಬೇಡ’ ಅಂದುಬಿಟ್ಟೆ. ತಪ್ಪಾಯಿತು. ನಿಮ್ಮತ್ತೆ-ಮಾವ ಮೊದಲ ಸಲ ಒಸಾಕಾಕ್ಕೆ ಬರುವಾಗ ಆ ಊರಿನ ಊಟವನ್ನೇ ಬಡಿಸಬೇಕೆಂಬ ನಿನ್ನ ಹಟ ನನಗೆ ಹೆಮ್ಮೆಯೇ. ಆದರೆ ‘ಮಿಸೋ ಸೂಪ್ ವೆಜ್ ತಾನೇ?’ ಅಂದೆಯಲ್ಲ, ನನಗೆ ಸಿಟ್ಟು ಬಂದದ್ದು ಆ ಮಾತಿಗೆ.

ವೆಜ್ ಅಲ್ಲ ಕಣೇ. ಮಿಸೋ ಸೋಯಾ ಕಾಳಿನದು, ಸರಿ. ಅದನ್ನು ಕದಡುವ ದಶಿ ನೀರು ಸಾಮಾನ್ಯವಾಗಿ ಕತ್ಸುವೊಬುಶಿಯದು: ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಂತೆ ಒಣಗಿಸಿ ಹೆರೆದ ಮೀನು. ಬಟ್ಟಲಲ್ಲಿ ಕಾಣುವುದು ತೋಫು ಮಾತ್ರ. ನಿಮ್ಮತ್ತೆ ಈರುಳ್ಳಿ-ಬೆಳ್ಳುಳ್ಳಿಯನ್ನೂ ಮುಟ್ಟದವರು. ಸೊಸೆ ಬಡಿಸಿದ್ದನ್ನು ‘ಇದಕ್ಕೇನು ಹಾಕಿದ್ದೀಯ’ ಎಂದು ಕೇಳುವವರೂ ಅಲ್ಲ. ಕೇಳುವವರಾಗಿದ್ದರೆ ನನಗಿಷ್ಟು ಭಯವಿರುತ್ತಿರಲಿಲ್ಲ.

ಮಿಸೋ ಡಬ್ಬಿಯ ಮೇಲೆ ‘ದಶಿ-ಇರಿ’ (ದಶಿ ಸೇರಿದೆ) ಎಂದಿದ್ದರೆ ಮೀನು ಆಗಲೇ ಒಳಗಿದೆ ಅಂದುಕೋ. ಮೆನ್‌ತ್ಸುಯು, ಪೊನ್‌ಜು ಎಂಬ ಅದ್ದುವ ಸಾರಿನ ಬಾಟಲಿಗಳಲ್ಲೂ ಹೆಚ್ಚಾಗಿ ಇರುತ್ತದೆ. ಅಲರ್ಜಿ ಪಟ್ಟಿ ನೋಡಿ ಸಮಾಧಾನಪಡಬೇಡ. ಅದರಲ್ಲಿ ಸಿಗಡಿ, ಏಡಿ, ಮೊಟ್ಟೆ ಬರುತ್ತವೆ, ಕತ್ಸುವೊ ಮೀನು ಬರುವುದೇ ಇಲ್ಲ. ಸಾಮಗ್ರಿಗಳ ಸಾಲನ್ನು ಕೊನೆಯವರೆಗೆ ಓದು. ಕತ್ಸುವೊ ಅಥವಾ ಗ್ಯೊಕಾಯ್ (ಮೀನು-ಚಿಪ್ಪುಜೀವಿ) ಎಂಬ ಪದ ಕಂಡರೆ ಕೆಳಗಿಡು.

ದಶಿ ನೀನೇ ಮಾಡಿಕೋ. ಅಲ್ಲಿನ ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಮೀನೂ ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ನಿಮ್ಮತ್ತೆಗೆ ಹೇಳಿ ಮಾಡಿಸಿದ ಹಾಗಿದೆ. ಶುಕ್ರವಾರ ರಾತ್ರಿ 1 ಲೀಟರ್ ನೀರಿಗೆ 10 ಗ್ರಾಂ ಕೊಂಬು ಎಂಬ ಒಣ ಕಡಲಪಾಚಿ, ನಾಲ್ಕು ಒಣ ಶೀತಾಕೆ ಅಣಬೆ ಹಾಕಿ ಫ್ರಿಜ್ಜಿನಲ್ಲಿಡು. ಕೊಂಬುವಿನ ಮೇಲಿನ ಬಿಳಿ ಪುಡಿ ಬೂಷ್ಟಲ್ಲ, ತೊಳೆಯಬೇಡ. ರಸಾಯನ ವಿಜ್ಞಾನಿ ಇಕೆದಾ ಕಿಕುನಾಯೆ 1908ರಲ್ಲಿ ಉಮಾಮಿ ಎಂಬ ಐದನೆಯ ರುಚಿ ಹುಡುಕಿದ್ದು ಇದೇ ಕೊಂಬು ಸಾರಿನಲ್ಲಿ. ಬೆಳಿಗ್ಗೆ ಸಣ್ಣ ಉರಿಯಲ್ಲಿಟ್ಟು, ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದಂತೆ ಕೊಂಬು ತೆಗೆ. ಕುದಿಸಿದರೆ ಲೋಳೆ, ಕಹಿ. ಮಿಸೋವನ್ನು ಒಲೆ ಆರಿಸಿದ ಮೇಲೆ ಕದಡು, ಬಟ್ಟಲಿಗೆ ಒಂದು ದೊಡ್ಡ ಚಮಚ. ಮೇಲೆ ನೆಗಿ ಉದುರಿಸಬೇಡ, ಅದೂ ಈರುಳ್ಳಿಯೇ.

ಮುಖ್ಯ ಊಟಕ್ಕೆ ತೆಮಾಕಿ ಇಡು, ನೋರಿ ಎಂಬ ಕಡಲಪಾಚಿ ಹಾಳೆಯಲ್ಲಿ ಸುತ್ತುವ ಹುಳಿ ಅನ್ನ. ತಾವೇ ಸುತ್ತಿಕೊಂಡು ಕೈಯಲ್ಲಿ ತಿನ್ನುತ್ತಾರೆ, ಮಾವನವರಿಗೆ ಕಡ್ಡಿ ಹಿಡಿಯುವ ಮುಜುಗರವಿಲ್ಲ. ನಾಲ್ವರಿಗೆ 3 ಗೋ ಅಕ್ಕಿ, ಅಂದರೆ 450 ಗ್ರಾಂ. ಅಕ್ಕಿ ವಿನೆಗರ್ 75 ಎಂಎಲ್, ಸಕ್ಕರೆ 3 ದೊಡ್ಡ ಚಮಚ, ಉಪ್ಪು ಒಂದೂವರೆ ಚಿಕ್ಕ ಚಮಚ. ಅನ್ನ ಬಿಸಿಯಿದ್ದಾಗಲೇ ಹಾಕಿ, ಸಟ್ಟುಗದಿಂದ ಕೊಯ್ದ ಹಾಗೆ ಕಲಸು. ಆರಿದ ಅನ್ನ ಹುಳಿ ಹೀರುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಗಟ್ಟಿ ಕಾಳಾಗುತ್ತದೆ. ಸೌತೆ, ಬೆಣ್ಣೆಹಣ್ಣು, ಸೋಯಾ-ಸಕ್ಕರೆಯಲ್ಲಿ ಬೇಯಿಸಿದ ಆ ಶೀತಾಕೆ ಸಾಕು. ಮೇಯನೇಸ್ ಬೇಡ, ಮೊಟ್ಟೆ. ಮತ್ತೆ ಅದೇ ಮೀನಿನ ಮಾತು ಎಂದು ಬೇಸರಪಡಬೇಡ: ನೋರಿ ಕೊಳ್ಳುವಾಗ ‘ಯಾಕಿ’ (ಬರೀ ಸುಟ್ಟದ್ದು) ನೋಡಿ ಕೊಳ್ಳು. ‘ಅಜಿತ್ಸುಕೆ’ (ರುಚಿ ಬಳಿದ) ನೋರಿಗೆ ಸಿಗಡಿ, ಕತ್ಸುವೊ ಸಾರ ಬಳಿದಿರುವುದುಂಟು.

ಕರಿದದ್ದು ಒಂದೇ ಸಾಕು, ತೆಂಪುರಾ, ಅಲ್ಲಿನ ಬಜ್ಜಿ. ಸಿಹಿಗೆಣಸು, ಬದನೆ, ತಾವರೆ ಬೇರು. 100 ಗ್ರಾಂ ಹಕುರಿಕಿಕೊ ಹಿಟ್ಟು, ಒಂದು ಚಮಚ ಪಿಷ್ಟ, 160 ಎಂಎಲ್ ಐಸ್ ನೀರು. ಮೊಟ್ಟೆಯಿಲ್ಲದೆಯೂ ಗರಿ ಬರುತ್ತದೆ. ನಿನ್ನದು ಬಜ್ಜಿ ಕಲಸುವ ಕೈ, ಹಿಟ್ಟನ್ನು ಬಡಿಯುತ್ತೀಯ. ಇದು ಗೋಧಿ ಹಿಟ್ಟು, ಬಡಿದರೆ ಜಿಗಿ ಬಂದು ಚರ್ಮದಂತಾಗುತ್ತದೆ. ಹತ್ತು ಸುತ್ತು ತಿರುಗಿಸಿ, ಗಂಟಿದ್ದರೂ ಬಿಡು. ಗೆಣಸಿನ ಬಿಲ್ಲೆ 7 ಮಿಲಿಮೀಟರ್ ದಪ್ಪ, ಎಣ್ಣೆ 170 ಡಿಗ್ರಿ, ಮೂರು-ನಾಲ್ಕು ನಿಮಿಷ. ಒಂದರ ಮೇಲೊಂದು ಪೇರಿಸಿದರೆ ಮೆತ್ತಗಾಗುತ್ತದೆ. ಅದ್ದುವ ಸಾರಿನ ಬಾಟಲಿ ತರಬೇಡ (ಯಾಕೆಂದು ಗೊತ್ತಲ್ಲ), ಉಪ್ಪಿನ ಜೊತೆ ಬಡಿಸು.

ಪಾಲಕ್ ಗೋಮಾಅಏ, ಎಳ್ಳು ಕಲಸಿದ ಪಲ್ಯ, ನಿನಗೆ ಬರುತ್ತದೆ. ನೀರು ಹಿಂಡಿ, ಬಡಿಸುವ ಹೊತ್ತಿಗೆ ಎಳ್ಳು ಕಲಸು.

ಪಾಠ ಜಾಸ್ತಿಯಾಯಿತು, ಗೊತ್ತು. ಸಿಟ್ಟಿದ್ದರೆ ಮಾತಾಡಬೇಡ, ಮನೆಯಲ್ಲಿರುವ ಮಿಸೋ ಡಬ್ಬಿಯ ಹಿಂಭಾಗದ ಫೋಟೊ ಮಾತ್ರ ಇವತ್ತೇ ಕಳಿಸು. ಪೊನ್‌ಜು ಬಾಟಲಿಯದ್ದೂ.

ಅಮ್ಮ