ಅಗ್ಗಿಷ್ಟಿಕೆಯ ಬೆಳಕಲ್ಲಿ ಒಂದು ಸಂಸಾರ

ಪ್ರಿಯ ಗೆಳೆಯಾ,

ನಾಟಕಗಳಿಗೆ ಲೈಟಿಂಗ್ ಮಾಡುವ ನೀನು ಈ ಸಿನಿಮಾ ನೋಡಲೇಬೇಕು ಕಣೋ. ಹೆಸರು 'ಎ ಡ್ರಂಕರ್ಡ್ಸ್ ರಿಫಾರ್ಮೇಶನ್', 1909ರದ್ದು, ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್. ಮೂಕಿ. ಒಂದೇ ರೀಲು, ಹೆಚ್ಚೆಂದರೆ ಕಾಲು ಗಂಟೆ. ಕುಡುಕ ಅಪ್ಪ ಮಗಳ ಜೊತೆ ನಾಟಕಕ್ಕೆ ಹೋಗುತ್ತಾನೆ, ವೇದಿಕೆ ಮೇಲೂ ಒಬ್ಬ ಕುಡುಕನ ಸಂಸಾರ ಹಾಳಾಗುತ್ತಿರುತ್ತದೆ, ಅದನ್ನು ನೋಡಿ ಇವನು ಕುಡಿತ ಬಿಡುತ್ತಾನೆ. ಕತೆ ಇಷ್ಟೇ. ಕತೆಗೋಸ್ಕರ ನೋಡು ಅಂತ ನಾನು ಹೇಳುತ್ತಿಲ್ಲ.

ಅಪ್ಪನ ಪಾತ್ರ ಮಾಡಿದವನು ಆರ್ಥರ್ ಜಾನ್ಸನ್. ಮನೆಯಲ್ಲಿ ಕುಡಿದು ಕೂಗಾಡುವಾಗ ಅವನ ಅಭಿನಯ ನಮ್ಮ ಕಂಪನಿ ನಾಟಕದವರ ಹಾಗೆ, ಕೊನೇ ಸಾಲಿನವನಿಗೂ ಕಾಣಲಿ ಅನ್ನುವಷ್ಟು ಜೋರು. ಆದರೆ ಥಿಯೇಟರಿನ ಸೀಟಿನಲ್ಲಿ ಕೂತ ಮೇಲೆ ನೋಡು. ಎದ್ದು ನಿಲ್ಲುವ ಹಾಗಿಲ್ಲ, ಕೈ ಬೀಸುವ ಹಾಗಿಲ್ಲ, ಸುತ್ತ ಜನ, ಪಕ್ಕದಲ್ಲಿ ಮಗಳು. ಉಳಿದಿದ್ದು ಮುಖ ಒಂದೇ. ಗ್ರಿಫಿತ್ ವೇದಿಕೆ ತೋರಿಸಿ ಇವನನ್ನು ತೋರಿಸುತ್ತಾನೆ, ಮತ್ತೆ ವೇದಿಕೆ, ಮತ್ತೆ ಇವನು, ಹೀಗೆ ಹೋಗ್ತಾ ಹೋಗ್ತಾ ಆ ಮನುಷ್ಯನ ಒಳಗೆ ಏನೋ ಕದಲುತ್ತಿದೆ ಅಂತ ನಮಗೆ ಗೊತ್ತಾಗುತ್ತದೆ. ಕ್ಲೋಸಪ್ ಇಲ್ಲದೆ!

ಇನ್ನು ಬೆಳಕು. ಈ ಸಿನಿಮಾ ತಯಾರಿಸಿದ ಬಯೋಗ್ರಾಫ್ ಕಂಪನಿಯ ಸ್ಟುಡಿಯೋ ಇದ್ದದ್ದು ನ್ಯೂಯಾರ್ಕಿನ 14ನೇ ಬೀದಿಯ ಒಂದು ಹಳೇ ಮನೆಯಲ್ಲಿ. ಅಲ್ಲಿ ಪಾದರಸದ ಆವಿಯ ಟ್ಯೂಬ್ ದೀಪಗಳು. ಎಲ್ಲ ಕಡೆ ಒಂದೇ ಸಮ ಬೆಳಕು, ನೆರಳೇ ಇಲ್ಲ. ನೀನು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಈ ಸಿನಿಮಾದ ಹೆಚ್ಚಿನ ಭಾಗವೂ ಹಾಗೇ ಇದೆ. ಕೊನೇ ದೃಶ್ಯದಲ್ಲಿ ಮಾತ್ರ ಅಪ್ಪ, ಅಮ್ಮ, ಮಗಳು ಅಗ್ಗಿಷ್ಟಿಕೆಯ ಮುಂದೆ ಕೂತಿರುತ್ತಾರೆ, ಬೆಳಕೆಲ್ಲ ಆ ಬೆಂಕಿಯ ಕಡೆಯಿಂದಲೇ ಬರುತ್ತದೆ. ಆಗಿನ ಫಿಲ್ಮಿಗೆ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತಿತ್ತು, ಹಾಗಾಗಿ ನಿಜವಾದ ಬೆಂಕಿ ನಂಬಿಕೊಂಡರೆ ಆಗುತ್ತಿರಲಿಲ್ಲ, ಬೆಂಕಿಯ ಜಾಗದಲ್ಲಿ ಜೋರಾದ ದೀಪವನ್ನೇ ಬಚ್ಚಿಡಬೇಕಿತ್ತು.

ಮುಖದ ಒಂದು ಬದಿ ಬೆಳಗುತ್ತದೆ, ಇನ್ನೊಂದು ಬದಿ ಕತ್ತಲು. ಇಲ್ಲಿ ಯಾರೂ ಜಾಸ್ತಿ ಏನೂ ಮಾಡುವುದಿಲ್ಲ, ಸುಮ್ನೆ ಕೂತಿರುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಇದೇ. ಜಾನ್ಸನ್ ಆ ಥಿಯೇಟರಿನ ಸೀಟಿನಲ್ಲಿ ಅಷ್ಟು ಕೆಲಸ ಮಾಡಿರದಿದ್ದರೆ ಈ ಬೆಳಕು ಬರೀ ಚಂದದ ಚಿತ್ರ ಆಗಿಬಿಡುತ್ತಿತ್ತು. ಈ ಬೆಳಕು ಇಲ್ಲದಿದ್ದರೆ ಅವನು ಬದಲಾದ ಅನ್ನುವುದನ್ನು ಮತ್ತೆ ಕೈಬಾಯಿ ಆಡಿಸಿಯೇ ತೋರಿಸಬೇಕಾಗುತ್ತಿತ್ತು, ಅಲ್ವಾ?

ಅದೇ ವರ್ಷ ಗ್ರಿಫಿತ್ 'ಪಿಪ್ಪಾ ಪಾಸಸ್' ಕೂಡ ಮಾಡಿದ. ಅದರಲ್ಲಿ ಬೆಳಗಿನ ಬೆಳಕು ಹುಡುಗಿಯ ಕೋಣೆಯೊಳಗೆ ಮೆಲ್ಲಗೆ ಹರಡುತ್ತದೆ. ಅದನ್ನೂ ನೋಡು, ಆದರೆ ಮೊದಲು ಇದನ್ನು. ಯಾರಾದರೂ ಸಂಗೀತ ಸೇರಿಸಿದ್ದರೆ ಸೌಂಡ್ ಆಫ್ ಮಾಡಿಬಿಡು. ಆ ಕೊನೇ ದೃಶ್ಯಕ್ಕೆ ನೀನಾಗಿದ್ದರೆ ದೀಪ ಎಲ್ಲಿಡುತ್ತಿದ್ದೆ, ಅದನ್ನು ಬರೆದು ಕಳಿಸು.

ನಿನ್ನ ಗೆಳೆಯ