ಗೇಮ್ ಆಡಿದರೆ ಸರ್ಜನ್ ಆಗುತ್ತಾರಾ?

ಮಾನ್ಯ ಸಂಪಾದಕರೇ,

ಮೊಬೈಲ್ ಗೇಮ್ ಆಡುವ ಹುಡುಗರ ಕೈ ಆಪರೇಷನ್‌ಗೆ ಚೆನ್ನಾಗಿ ಪಳಗುತ್ತದೆ ಅನ್ನುವ ಮಾತು ಬಳ್ಳಾರಿಯ ನೀಟ್ ಪಾಲಕರ ಬಾಯಲ್ಲೂ ಬರತೊಡಗಿದೆ. ಪೂರ್ತಿ ಸುಳ್ಳಲ್ಲ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂದೆ ವಾರಕ್ಕೆ 3 ಗಂಟೆಗಿಂತ ಜಾಸ್ತಿ ವಿಡಿಯೊ ಗೇಮ್ ಆಡಿದ್ದ ಸರ್ಜನ್‌ಗಳು ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾದಲ್ಲಿ ನೋಡುತ್ತಾ ಮಾಡುವ ಆಪರೇಷನ್) ತರಬೇತಿಯಲ್ಲಿ ಶೇ 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಆದರೆ ನೋಡಿದ್ದು 33 ಜನರನ್ನಷ್ಟೇ. ಅದೂ ತರಬೇತಿಯಲ್ಲಿ, ರೋಗಿಯ ಹೊಟ್ಟೆಯಲ್ಲಲ್ಲ. ಮೊದಲೇ ಚುರುಕು ಕೈಯಿದ್ದವರು ಗೇಮ್‌ಗೆ ಅಂಟಿಕೊಂಡಿರಬಹುದು, ಅಲ್ವಾ?

ನನಗೆ ಹಿಡಿಸಿದ್ದು ಫ್ರೆಂಚ್ ಸರ್ಜನ್ ಅಲೆಕ್ಸಿಸ್ ಕ್ಯಾರೆಲ್ ಕತೆ. ರಕ್ತನಾಳ ಹೊಲಿಯುವುದಕ್ಕಾಗಿ ಅವರು ಫ್ರಾನ್ಸಿನ ಲಿಯಾನ್‌ನಲ್ಲಿ ಕಸೂತಿ ಹೆಂಗಸಿನ ಹತ್ತಿರ ಕೂತು ಸೂಜಿ ಕೆಲಸ ಕಲಿತರು, 1912ರಲ್ಲಿ ನೊಬೆಲ್ ಬಂತು. ನಮ್ಮ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳನ್ನು ನೋಡಿ: ಕನ್ನಡಿ ಚೂರನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು ಸುತ್ತ ದಾರ ಬಿಗಿಯುತ್ತಾರೆ, ಬಟ್ಟೆ ಎಲ್ಲೂ ಸುಕ್ಕಾಗುವುದಿಲ್ಲ. ಕಣ್ಣಿನ ಆಪರೇಷನ್ನಿನ ನೈಲಾನ್ ದಾರ ಕೂದಲಿಗಿಂತ ತೆಳು. ಬಿಗಿ ಜಾಸ್ತಿಯಾದರೂ ತೊಂದರೆ, ಸಡಿಲಾದರೂ ತೊಂದರೆ.

ಹಾಗಂತ ಹವ್ಯಾಸ ನೋಡಿ ಸೀಟು ಕೊಡಿ ಅನ್ನುತ್ತಿಲ್ಲ. ಕೈ ಪಳಗಿದವರು ಶುರುವಿನಲ್ಲಿ ಮುಂದಿರಬಹುದು, ಆಮೇಲೆ ಬಿಡದೆ ಅಭ್ಯಾಸ ಮಾಡಿದವರೂ ಬಂದು ಸೇರುತ್ತಾರೆ, ಇನ್ನು ಯಾವಾಗ ಕತ್ತರಿ ಇಡಬಾರದು ಅನ್ನುವ ತಿಳಿವಳಿಕೆ ವೀಣೆ ನುಡಿಸಿದರೂ ಬರುವುದಿಲ್ಲ. ನೀಟ್‌ನಲ್ಲಿ ಕೈಗಿರುವ ಕೆಲಸ ಪೆನ್ನಿನಿಂದ ವೃತ್ತ ತುಂಬುವುದಷ್ಟೇ! ಮೆಡಿಕಲ್ ಕಾಲೇಜುಗಳು ಮೊದಲ ವರ್ಷವೇ ಮಕ್ಕಳ ಕೈಗೆ ಸೂಜಿ-ದಾರ ಕೊಡಲಿ. ಕಲಿಸೋಕೆ ಸಂಡೂರಿನಿಂದಲೇ ಒಬ್ಬರನ್ನು ಕರೆಸಬಹುದು, ಸುಮ್ನೆ ಅಲ್ಲ, ಗೌರವಧನ ಕೊಟ್ಟು.

– ಒಬ್ಬ ಓದುಗ, ಬಳ್ಳಾರಿ